ಮೌನವ್ರತ ಹಿಡಿದ ರಿಸೀವರ್ ಮಹಾಶಯರಿಗೆ

ಪಡಸಾಲೆಯ ಧ್ವನಿಸಾಮ್ರಾಜ್ಯದ ಸಾರ್ವಭೌಮರೂ, ಐದು ಸ್ಪೀಕರ್‌ಗಳ ಒಡೆಯರೂ, ಟಿವಿ ಸ್ಟ್ಯಾಂಡಿನ ಕೆಳಹಲಗೆಯ ಮೇಲೆ ನೀಲಿ ಕಣ್ಣು ತೆರೆದು ವಿರಾಜಮಾನರಾಗಿರುವವರೂ ಆದ ಹೋಮ್ ಥಿಯೇಟರ್ ರಿಸೀವರ್ ಮಾನ್ಯರೇ,

ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಪಕ್ಕದ ಪರದೆಯ ಹಿಂದೆ ನಿಂತು, ಮಾತು ಮರೆತ ಮಹಾರಾಜರಿಗೆಲ್ಲ ಮಾತು ಎತ್ತಿಕೊಟ್ಟ ಪ್ರಾಂಪ್ಟರ್ ಆದ ನಾನು, ತಮ್ಮ ನಾಲ್ಕೂ ರಬ್ಬರು ಪಾದಗಳಿಗೆ ವಂದಿಸಿ ಬಿನ್ನವಿಸುವುದೇನೆಂದರೆ: ಕಳೆದ ಭಾನುವಾರ ಸಂಜೆ ನನ್ನ ಮಗಳು ಮೊದಲ ಬಾರಿಗೆ ರಾಣಿಯಾಗಿ ರಂಗಕ್ಕೆ ಬಂದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಸೋಫಾ ಹಿಡಿದಿದ್ದ ನನ್ನ ಹೆಂಡತಿಗೆ ಆ ದನಿ ಕೇಳಲು ಇದ್ದ ಒಂದೇ ದಾರಿ ನಾಟಕದ ನೇರ ಪ್ರಸಾರ. ಆ ದಾರಿಯ ಹೆಬ್ಬಾಗಿಲಲ್ಲಿ ನಿಂತವರು ತಾವು.

ಸ್ಟ್ರೀಮಿಂಗ್ ಪೆಟ್ಟಿಗೆ ಚಿತ್ರವನ್ನೂ ಶಬ್ದವನ್ನೂ ಒಂದೇ ಕೇಬಲ್ಲಿನಲ್ಲಿ ತಮಗೊಪ್ಪಿಸಿ ಕೈತೊಳೆದುಕೊಂಡಿತು. ತಾವು ಚಿತ್ರವನ್ನು ಟಿವಿಗೆ ಧಾರಾಳವಾಗಿ ದಾನ ಮಾಡಿ, ಶಬ್ದವನ್ನು ಮಾತ್ರ ನುಂಗಿ ಕುಳಿತಿರಿ. ಪೆಟ್ಟಿಗೆಯನ್ನು ನೇರವಾಗಿ, ಸ್ವಂತ ಸ್ಪೀಕರ್ ಎಂದೋ ಕೆಟ್ಟಿರುವ ಟಿವಿಗೇ ಚುಚ್ಚಿ, ಅಲ್ಲಿಂದ ಶಬ್ದ ತಮ್ಮಲ್ಲಿಗೆ ಮರಳುವಂತೆ ಮಾಡಿದರೂ ಅದೇ ಮೌನ. ಮೂರು ರಿಮೋಟುಗಳನ್ನು ಮೆರೆಸಿ, ತಮ್ಮ ವಾಲ್ಯೂಮನ್ನು ಅರವತ್ತಕ್ಕೇರಿಸಿದೆ. ರಾಣಿ ಬಾಯಿ ತೆರೆದಳು, ಖಡ್ಗ ಹಿರಿದಳು. ತಮ್ಮಿಂದ ಒಂದು ಕೆಮ್ಮೂ ಇಲ್ಲ. ಆಹಾ, ಇಂಥ ಸಂಯಮವನ್ನು ಯಾವ ನಟನಲ್ಲೂ ಕಂಡವನಲ್ಲ ನಾನು!

ಮಾತು ನಿಂತ ರಂಗವನ್ನು ನೋಡಿ ಸುಮ್ಮನಿರುವುದು ನನ್ನ ರಕ್ತದಲ್ಲಿಲ್ಲ. ಮೂರು ತಿಂಗಳು ಅಡುಗೆಮನೆಯಲ್ಲಿ ಮಗಳಿಂದ ಮಾತು ಒಪ್ಪಿಸಿಕೊಂಡವನು ನಾನೇ ಆದ್ದರಿಂದ ರಾಣಿ, ಸೇನಾಪತಿ, ದೂತ, ಕೊನೆಗೆ ಕುದುರೆಯ ಪಾಲನ್ನೂ ಒಂದೂವರೆ ಗಂಟೆ ಗುಡುಗಿದೆ. ಮೂಲೆಯ ಕುರ್ಚಿಯಲ್ಲಿ ಕಿವಿ ಮುಚ್ಚುವ ಉಣ್ಣೆಟೋಪಿ ಹಾಕಿ, ಶಾಲು ಹೊದ್ದು ಕುಳಿತಿದ್ದ ಕಿವಿಮಂದದ ನನ್ನ ಮಾವನವರು, ಇಂದಿನವರೆಗೂ ನನ್ನ ಯಾವ ಸಾಧನೆಗೂ ತಲೆದೂಗದವರು, ರಾಣಿ ಮಗನನ್ನು ಬೀಳ್ಕೊಡುವಲ್ಲಿ ಗಳಗಳನೆ ಅತ್ತರು! ತೆರೆ ಬಿತ್ತು, ಮಾವನವರು ಎದ್ದು ನಿಂತರು. ಆ ಕ್ಷಣವೇ ತಮ್ಮ ಐದೂ ಸ್ಪೀಕರ್‌ಗಳಿಂದ ಚಪ್ಪಾಳೆಯ ಸಿಡಿಲು. ನಾನು ಮೂರು ಬಾರಿ ಬಾಗಿ ವಂದಿಸಿದೆ.

ಆಮೇಲೆ ಮಗಳು ಫೋನು ಮಾಡಿ, "ಅಮ್ಮಾ, ನನ್ನ ದನಿ ಹೇಗಿತ್ತು?" ಎಂದಾಗ ನನ್ನ ಹೆಂಡತಿ, "ಸ್ವಲ್ಪ ಗಡಸಾಗಿತ್ತು ಕಣೇ, ಮೀಸೆ ಬಂದ ಹಾಗೆ," ಎಂದು ನಕ್ಕಳು, ಫೋನಿಟ್ಟ ಮೇಲೆ ಅಂಗೈಯಿಂದ ಕಣ್ಣೊರೆಸಿಕೊಂಡಳು. ಅದಕ್ಕೇ ಈ ಪತ್ರ. ಬರುವ ಭಾನುವಾರ ಎರಡನೆಯ ಪ್ರದರ್ಶನವಿದೆ. ಅಂದು ತಾವು ಮೊದಲ ಅಂಕದಲ್ಲೇ ಬಾಯಿ ಬಿಡಬೇಕು, ಕಳೆದ ವಾರ ನುಂಗಿದ ಮಾತುಗಳನ್ನೂ ಒಂದೊಂದಾಗಿ ಹಿಂದಿರುಗಿಸಬೇಕು. ಅದಾಗದಿದ್ದರೆ ಆ ಚಪ್ಪಾಳೆಯನ್ನಾದರೂ ನನ್ನ ಹೆಸರಿಗೆ ಬರೆದುಕೊಡಬೇಕು.

ಗಂಟಲು ಕಟ್ಟಿದರೂ ಭಕ್ತಿ ಕುಂದದ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಂಪ್ಟರ್

ತಾ.ಕ.: ಇದನ್ನು ಮನೆಯವರಿಗೆ ಓದಿ ಹೇಳುತ್ತಿದ್ದಾಗ ಮಾವನವರು ಟೋಪಿ ತೆಗೆದರು. ಒಳಗೆ ಹೆಡ್‌ಫೋನ್! ಶಾಲಿನಡಿಯಿಂದ ಹಾಯಿಸಿದ ಅದರ ವೈರನ್ನು ತಮ್ಮ ಮುಂಭಾಗದ ತೂತಿಗೆ ಸಿಕ್ಕಿಸಿದರೆ ಸ್ಪೀಕರ್‌ಗಳು ಬಾಯಿ ಮುಚ್ಚುತ್ತವಂತೆ. ಅವರು ಎದ್ದಾಗ ಅದು ಕಿತ್ತುಬಂದಿತ್ತಂತೆ. "ಅಳಿಯಂದಿರೇ, ನಾಟಕ ಅಂದ್ರೆ ನೀವು ಮಧ್ಯೆ ಬಾಯಿ ಹಾಕೇ ಹಾಕ್ತೀರಿ. ಮೊಮ್ಮಗಳ ಒಂದು ಮಾತೂ ತಪ್ಪಬಾರದು ಅಂತ ಮೊದಲೇ ಹಾಕ್ಕೊಂಡೆ," ಎಂದರು. ಆದ್ದರಿಂದ ತಮ್ಮ ಮೇಲಿನ ದೂರನ್ನು ಹಿಂಪಡೆದಿದ್ದೇನೆ. ಬರುವ ಭಾನುವಾರಕ್ಕೆಂದು ಆ ಹೆಡ್‌ಫೋನನ್ನು ನನ್ನ ಹೆಂಡತಿ ಈಗಲೇ ದಿಂಬಿನಡಿ ಇಟ್ಟುಕೊಂಡಿದ್ದಾಳೆ.