ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ಬಂದ ರೈಲು

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಇರಬೇಕು ಎಂದು ಹಿರಿಯರು ಹೇಳುತ್ತಾರೆ. ಲೈಬ್ರರಿ ಕಾರ್ಡೂ ಇರಬೇಕು ಎಂಬುದು ನನ್ನ ಅನುಭವ. ನಾನು ಸಿಕ್ಕಿಬಿದ್ದ ಸುಳ್ಳಾದರೂ ನನ್ನದಲ್ಲ. ಡಾಟ್‌ಕಾಮ್ ಕಾಲದಲ್ಲಿ ಅಮೆರಿಕದ ನಮ್ಮ ಬೇ ಏರಿಯಾ ಕನ್ನಡಿಗರಲ್ಲಿ ರೆಸ್ಯೂಮೆಯನ್ನು ಯಾರೂ ಮೊದಲಿನಿಂದ ಬರೆಯುತ್ತಿರಲಿಲ್ಲ. ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ ಪರಿಚಯದವರಿಂದ ತಂದು, ಹೆಸರು, ಕಾಲೇಜು, ಕಂಪನಿ ಬದಲಿಸಿಕೊಳ್ಳುತ್ತಿದ್ದೆವು. ನಾನು ತಂದದ್ದು ಇಲ್ಲೇ ಇನ್ನೊಂದು ಕಂಪನಿಯಲ್ಲಿದ್ದ ಮಂಡ್ಯದ ಗೆಳೆಯ ನಾಗರಾಜನಿಂದ. ಎಲ್ಲ ಬದಲಿಸಿದವನು ಕೊನೆಯ ಸಾಲನ್ನು ಮರೆತೆ. ‘ಹವ್ಯಾಸ: ಬ್ರಿಟನ್ನಿನ ದೂರಪ್ರಯಾಣದ ಎಕ್ಸ್‌ಪ್ರೆಸ್ ರೈಲುಗಳು, ಅಂದಿನವು ಮತ್ತು ಇಂದಿನವು.’ ಅವನು ಎರಡು ವರ್ಷ ಲಂಡನ್ನಿನ ಪ್ರಾಜೆಕ್ಟಿನಲ್ಲಿದ್ದಾಗ ಹತ್ತಿಸಿಕೊಂಡ ಹುಚ್ಚು ಅದು. ನಾನು ಬ್ರಿಟನ್ನನ್ನು ವಿಮಾನದ ಕಿಟಕಿಯಿಂದಲೂ ಕಂಡವನಲ್ಲ.

ಆ ಸಾಲು ಎರಡು ವರ್ಷ ತೆಪ್ಪಗಿತ್ತು. ಆಮೇಲೆ ಕಂಪನಿಗಳು ಒಂದೊಂದಾಗಿ ಮುಗ್ಗರಿಸತೊಡಗಿದವು. ನಮ್ಮಲ್ಲಿ ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸಲು ಪೀಟರ್ ಎಂಬ ಹೊಸ ಬಾಸು ಬಂದ. ಹುಟ್ಟಾ ಇಂಗ್ಲಿಷಿನವನು. ಎಲ್ಲರ ಫೈಲನ್ನೂ ಕೊನೆಯ ಸಾಲಿನವರೆಗೆ ಓದುವ ಪಾಪಿ. ಒಂದು ದಿನ ನನ್ನ ಕ್ಯೂಬಿಕಲ್ಲಿಗೆ ಬಂದು, ತನ್ನ ಗರಾಜಿನಲ್ಲಿ ಲಂಡನ್ನಿನಿಂದ ಎಡಿನ್‌ಬರೋವರೆಗಿನ ಹಳಿಯನ್ನು ಆಟಿಕೆಯ ಅಳತೆಯಲ್ಲಿ ಹಾಸಿರುವುದಾಗಿಯೂ, ಶನಿವಾರ ನಾನು ಬರಲೇಬೇಕೆಂದೂ ಹೇಳಿದ. ಸೋಮವಾರ ಅವನು ಮೇಲಿನವರಿಗೆ ಕಳಿಸಬೇಕಾದವರ ಹೆಸರುಗಳ ಪಟ್ಟಿ ಕೊಡಬೇಕಿತ್ತು. ಕೆಲಸ ಹೋದರೆ ವೀಸಾ ಹೋದಂತೆ. ಮಗಳ ಸ್ಕೂಲಿಗಾಗಿ ನಾವು ಕ್ಯುಪರ್ಟಿನೋಗೆ ಬಂದು ಇನ್ನೂ ರಟ್ಟಿನ ಡಬ್ಬಗಳನ್ನೇ ಬಿಚ್ಚಿರಲಿಲ್ಲ.

ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಓದಲು ಕೂತೆ. ಹೆಂಡತಿ ಸುಧಾ ಚಪಾತಿ ಲಟ್ಟಿಸುತ್ತಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

“ರೀ, ಓಡೋ ಗಾಡಿಗೆ ನೀರು ಹೆಂಗ್ರೀ ತುಂಬಿಸ್ತಿದ್ರು?”

“ಹಳಿ ಮಧ್ಯೆ ಉದ್ದಕ್ಕೆ ತೊಟ್ಟಿ ಕಟ್ಟಿರ್ತಿದ್ರು. ಇಂಜಿನ್ನಿನ ಹಿಂದಿನ ಗಾಡಿಯಿಂದ ಸೌಟಿನ ಥರದ್ದು ಇಳಿಸಿ ಬಾಚ್ಕೋತಿದ್ರು.”

“ನಿಲ್ಲದೇ ಹೋಗೋ ಗಾಡೀಲಿ ಡ್ರೈವರ್ ಬದಲಾಗೋದು?”

“ಕಲ್ಲಿದ್ದಲ ಗಾಡಿಯೊಳಗೇ ಒಂದು ಸಣ್ಣ ಓಣಿ. ಅದರೊಳಗೆ ತೂರ್ಕೊಂಡು ಬರ್ತಿದ್ರು.”

“ಇಷ್ಟು ಓದಿದ್ರೆ ಐಎಎಸ್ಸೇ ಆಗ್ಬಹುದಿತ್ತು ನೀವು,” ಎಂದಳು. ನಗಿಸಲು ಹೇಳಿದ್ದಳು, ಆದರೆ ಅವಳ ಕಣ್ಣಲ್ಲೂ ಹೆದರಿಕೆಯಿತ್ತು.

ಗರಾಜಿನಲ್ಲಿ ಪೀಟರ್ ಹಬೆಯ ಗಾಡಿಯನ್ನೂ ಈಗಿನ ವಿದ್ಯುತ್ ಗಾಡಿಯನ್ನೂ ಅಕ್ಕಪಕ್ಕ ಓಡಿಸಿದ. ನೀರಿನ ತೊಟ್ಟಿ, ಓಣಿ ಎರಡನ್ನೂ ನಾನು ಗಿಳಿಪಾಠ ಒಪ್ಪಿಸಿದೆ. ಅಷ್ಟರಲ್ಲಿ ಅವನು ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳಿದ: ಎಕ್ಸ್‌ಪ್ರೆಸ್ ಹತ್ತಿದರೆ ನೀನು ಯಾವ ಕಡೆ ಕೂರುತ್ತೀಯ? ನನ್ನ ಜೀವ ಬಾಯಿಗೆ ಬಂತು. ಬಾಯಿಗೆ ಬಂದ ಜೀವದ ಜೊತೆ ಸತ್ಯವೂ ಹೊರಬಿತ್ತು. ರೈಲಿನಲ್ಲಿ ನಾನು ಕೂತೇ ಇಲ್ಲ, ಬಾಗಿಲಲ್ಲಿ ನಿಂತು ತಲೆ ಹೊರಗೆ ಹಾಕಿಕೊಂಡೇ ಹೋದವನು ಎಂದೆ. ಅದು ಮಂಡ್ಯ–ಬೆಂಗಳೂರು ಪ್ಯಾಸೆಂಜರಿನ ಮಾತು, ಅಲ್ಲಿ ಸೀಟು ಸಿಕ್ಕಿದ್ದರೆ ತಾನೆ. ಪೀಟರನ ಮುಖ ಅರಳಿತು. ನಿಜವಾದ ರೈಲುಪ್ರೇಮಿ ಕೂರುವುದಿಲ್ಲ ಎಂದು ನನ್ನ ಬೆನ್ನು ತಟ್ಟಿದ. ಸೋಮವಾರದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ನಾಗರಾಜನ ಹೆಸರು ಅವನ ಕಂಪನಿಯ ಪಟ್ಟಿಯಲ್ಲಿತ್ತು. ಮೂರು ವಾರದ ನಂತರ ಫೋನು ಮಾಡಿದ. “ಲೋ ಶ್ರೀಕಂಠ, ನಿಮ್ಮಲ್ಲಿ ಯಾರೋ ತಾವಾಗೇ ಬಿಟ್ಟೋಗಿ ಒಂದು ಜಾಗ ಖಾಲಿ ಐತಂತೆ. ನನ್ನ ರೆಸ್ಯೂಮೆ ನಿಮ್ಮ ಬಾಸಿಗೆ ಕೊಡ್ತೀಯೇನೋ?”

ಕೊಡುತ್ತೇನೆ ಎಂದೆ. ಎನ್ನುವಾಗಲೇ ಆ ಕೊನೆಯ ಸಾಲು ನೆನಪಾಯಿತು. ಒಂದೇ ಹವ್ಯಾಸದ ಎರಡು ರೆಸ್ಯೂಮೆ, ಅಕ್ಷರವೂ ಆಚೀಚೆ ಇಲ್ಲ. ನನಗೆ ಅನ್ನ ಕೊಟ್ಟ ಸಾಲು ಅದು, ಅವನಿಗೂ ಕೊಡುತ್ತಿತ್ತು. ಆದರೂ ನನ್ನ ಬಾಯಿ, “ಹಾಬಿಗೀಬಿ ಎಲ್ಲಾ ತೆಗೆದುಬಿಡೋ, ಇಲ್ಲಿ ನಗ್ತಾರೆ,” ಎಂದಿತು. “ಅದೂ ಸರಿ ಕಣೋ,” ಎಂದು ಪಾಪ ತೆಗೆದೇಬಿಟ್ಟ. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ.

ಇಂಟರ್‌ವ್ಯೂ ಅರ್ಧ ಗಂಟೆಯದು. ಎರಡು ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ಪೀಟರನ ಗೋಡೆಯ ಮೇಲೊಂದು ಇಂಜಿನ್ನಿನ ಫೋಟೋ ಇರುವುದನ್ನು ನಾನು ಮರೆತಿದ್ದೆ. ಕೊನೆಗೆ ಇಬ್ಬರೂ ನಗುತ್ತ ಹೊರಬಂದರು. ಇವನಿಗೆ ರೈಲಿನ ಹುಚ್ಚು ಹಿಡಿಸಿದವನೇ ನೀನಂತೆ, ನನಗೇಕೆ ಹೇಳಲಿಲ್ಲ ಎಂದು ಪೀಟರ್ ನನ್ನನ್ನು ಕೇಳಿದ. ನಾನು ನಾಗರಾಜನ ಮುಖ ನೋಡಿದೆ. ಒಳಗೆ ನನ್ನ ರೈಲುಪ್ರೇಮದ ಮಾತೂ ಬಂದಿರಬೇಕು, ಅವನಿಗೆ ಎಲ್ಲ ಅರ್ಥವಾಗಿತ್ತು.

ಅವನಿಗೆ ಕೆಲಸ ಸಿಕ್ಕಿತು. ಆ ಸಾಲಿನ ವಿಷಯವನ್ನು ಅವನು ಇಂದಿನವರೆಗೂ ಎತ್ತಿಲ್ಲ. ಶನಿವಾರ ಗರಾಜಿನಲ್ಲಿ, ಪೀಟರನ ಎದುರಿಗೆ, ಕೈಕಟ್ಟಿ ನಿಂತು ವಿನಯದಿಂದ ಇಂಗ್ಲಿಷಿನಲ್ಲೇ ನನ್ನನ್ನು ಕೇಳುತ್ತಾನೆ, “ಗುರುಗಳು ಈ ಇಂಜಿನ್ನಿನ ಬಗ್ಗೆ ನಾಲ್ಕು ಮಾತು ಹೇಳಬೇಕು.” ಪ್ರತಿ ವಾರವೂ ಬೇರೆ ಇಂಜಿನ್ನು. ಲೈಬ್ರರಿಯ ಪುಸ್ತಕವನ್ನು ನಾನಿನ್ನೂ ಹಿಂದಿರುಗಿಸಿಲ್ಲ.