ಸಿಹಿ ನೀರಿನ ಸಿಟ್ಟು

ಸಿಟ್ಟು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರ ಮನೆಯಲ್ಲಿ ಮೀನಿನ ತೊಟ್ಟಿ ಇರುವುದಿಲ್ಲ. ನನ್ನ ಮನೆಯಲ್ಲಿದೆ. ಅದರಲ್ಲಿ ಉಳಿದಿರುವುದು ಪುಟ್ಟವ್ವ ಎಂಬ ಒಂದೇ ಒಂದು ಗೋಲ್ಡ್‌ಫಿಶ್. ಜೊತೆಯವೆಲ್ಲ ಒಂದೊಂದಾಗಿ ತೇಲಿಹೋದವು. ಇದೂ ಹೋದರೆ ನಾನು ಯಾರ ಮುಖವನ್ನೂ ನೋಡುವುದಿಲ್ಲ ಎಂದೆ. "ಈಗೇನು ನೋಡ್ತೀರಿ? ಯಾವಾಗ್ಲೂ ತೊಟ್ಟಿ ಮುಂದೇ ಕುಂತಿರ್ತೀರಿ" ಎಂದಳು ಹೆಂಡತಿ.

ಮೀನಿನ ಅಂಗಡಿಯವನು ಫೋನಿನಲ್ಲಿ ಹೇಳಿದ: "ಮೀನು ತಿಂದು ಉಳಿಸಿದ್ದೆಲ್ಲ ಕೊಳೆತು ಕೊನಿಗೆ ನೈಟ್ರೇಟ್ ಅನ್ನೋ ವಿಷ ಆಗ್ತೈತ್ರಿ. ನೀರು ಬದಲಾಯಿಸ್ತಾ ಇರ್ರಿ. ನಿಮ್ದು ಸಿಹಿ ನೀರೋ, ಸವಳೋ?" ನನ್ನ ಮೈಯೆಲ್ಲ ಉರಿಯಿತು. ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಎಲ್ಲರ ಬೋರಿಗೂ ಸವಳು ಬಿದ್ದಾಗ ಸಿಹಿ ನೀರು ಬಿದ್ದದ್ದು ನನ್ನ ಬೋರಿಗೆ ಮಾತ್ರ! ಬೀಗರು ಬಂದರೆ ಚಹಾಕ್ಕಿಂತ ಮೊದಲು ಆ ನೀರು ಕುಡಿಸಿ, ಹೊಗಳುವವರೆಗೂ ಮುಖ ನೋಡುತ್ತಾ ನಿಲ್ಲುವ ಆಸಾಮಿ ನಾನು. ಫಿಲ್ಟರ್ ನೀರಿನ ಕ್ಯಾನನ್ನು ಹೊಸಿಲು ದಾಟಿಸಿದವನಲ್ಲ.

ಅಂಗಡಿಯವನಿಂದ ತಂದ ಪರೀಕ್ಷೆಯ ಸೀಸೆಗೆ ತೊಟ್ಟಿಯ ನೀರು ತುಂಬಿ ಮದ್ದಿನ ಹನಿ ಹಾಕಿದಾಗ ಹಳದಿ ಬಂದರೆ ಕ್ಷೇಮ, ಕೆಂಪಾದರೆ ನೈಟ್ರೇಟ್ ಮಿತಿಮೀರಿದೆ ಎಂದರ್ಥ. ನನ್ನದು ಅಪ್ಪಟ ಕುಂಕುಮ. ಬಕೆಟ್ಟುಗಟ್ಟಲೆ ಬೋರಿನ ನೀರು ಹೊತ್ತು ಬದಲಿಸಿದೆ. ಮತ್ತೂ ಕುಂಕುಮ. ಪುಟ್ಟವ್ವ ಮೂಲೆ ಹಿಡಿದು ಕೂತಿತು. ಯಾರ ಕೆಲಸವಿದು ಎಂದು ಹುಡುಕುತ್ತಿದ್ದವನಿಗೆ ಹೊಳಲಿನಿಂದ ಬಂದಿದ್ದ ನಮ್ಮ ಅತ್ತೆ ಸಿಕ್ಕಿಬಿದ್ದರು, ಕೈಯಲ್ಲಿ ಮಂಡಕ್ಕಿ ಸಮೇತ.

"ಪಾಪ, ಬಾಯಿ ಬಾಯಿ ಬಿಡ್ತೈತ್ರಿ. ಅದು ನೋಡ್ತಾ ಇದ್ರೆ ನಾವೊಬ್ರೇ ಹೆಂಗ ತಿನ್ನೋದು?"

"ಅದು ಉಸಿರಾಡೋದ್ರೀ ಅತ್ತಿ! ಉಸಿರಾಡೋದು!" ಎಂದು ಓಣಿಗೆಲ್ಲ ಕೇಳುವಂತೆ ಅರಚಿದೆ. ಮೀನುಗಳನ್ನೆಲ್ಲ ಕೊಂದವರೇ ನೀವು ಎಂಬ ಮಾತೂ ಬಾಯಿಂದ ಬಂತು. ಅತ್ತೆ ಅಳುತ್ತಾ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. ಹೆಂಡತಿ ಸೀಸೆಯನ್ನು ನನ್ನ ಕೈಗೆ ತುರುಕಿ, "ನಮ್ಮವ್ವ ಬಸ್ಸು ಹತ್ತೋದ್ರೊಳಗ ನಿಮ್ಮ ಬೋರಿನ ನೀರೂ ಒಂದು ಸಲ ನೋಡ್ರಿ" ಎಂದಳು.

ನೋಡಿಯೇ ತೋರಿಸುತ್ತೇನೆ ಎಂದು ನಳದಿಂದಲೇ ನೇರ ಹಿಡಿದೆ. ಹನಿ ಹಾಕಿದೆ. ಅದೇ ಕುಂಕುಮ! ಹಿತ್ತಲ ಆಚೆಯ ಮೆಕ್ಕೆಜೋಳದ ಹೊಲಗಳಿಗೆ ಸುರಿದ ಯೂರಿಯಾ ಗೊಬ್ಬರ ವರ್ಷಗಟ್ಟಲೆ ಕೆಳಗಿಳಿದು ಬೋರಿನ ನೀರಿನಲ್ಲಿ ನೈಟ್ರೇಟ್ ಆಗಿ ಸೇರಿರಬೇಕು. ಉಪ್ಪಾದರೆ ನಾಲಿಗೆಗೆ ತಿಳಿಯುತ್ತದೆ, ಈ ಹಾಳು ನೈಟ್ರೇಟ್ ತಿಳಿಯುವುದಿಲ್ಲ. ಪುಟ್ಟವ್ವನನ್ನು ಬದುಕಿಸುತ್ತೇನೆಂದು ನಾನೇ ಆ ವಿಷವನ್ನು ಬಕೆಟ್ಟಿನಲ್ಲಿ ಹೊತ್ತು ಸುರಿದಿದ್ದೆ.

ಅತ್ತೆ ಚೀಲ ಕೆಳಗಿಟ್ಟರು. ಹೆಂಡತಿ ಫಿಲ್ಟರ್ ನೀರಿನ ಕ್ಯಾನು ತರಿಸಿ, ತೊಟ್ಟಿಯ ಅರ್ಧ ನೀರು ಚೆಲ್ಲಿ ಅದನ್ನು ಬೆರೆಸಿದಳು. ಸಂಜೆಗೆ ಪುಟ್ಟವ್ವ ಮೂಲೆ ಬಿಟ್ಟು ಈಜತೊಡಗಿತು. ಕೂಗಾಡಿ ಗಂಟಲು ಒಣಗಿದ್ದ ನಾನು ಲೋಟ ಹಿಡಿದು ಕ್ಯಾನಿನ ಹತ್ತಿರ ಹೋದೆ.

"ಅದು ಮೀನಿಂದು" ಎಂದು ಹೆಂಡತಿ ಲೋಟ ಕಸಿದುಕೊಂಡು ನಳದ ನೀರು ತುಂಬಿ ಕೊಟ್ಟಳು. "ನಿಮಗ ನಿಮ್ಮ ಸಿಹಿ ನೀರು."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಗಟಗಟನೆ ಕುಡಿದು, "ಸಕ್ಕರಿ ಇದ್ದಂಗೈತಿ" ಎಂದೆ.