ಟಕ್ಕಿಗೊಂದು ಬೆರಳು ಮಡಚೋ ಮುತ್ಯಾ

ಹಲ್ಲಿನ ಕ್ಲಿಪ್ ಹಾಕಿ ತೆಗೆಯೋ ಡಾಕ್ಟರಿಗೆ ವಾರಕ್ಕೊಂದು ಫಜೀತಿ ಇದ್ದದ್ದೇ. ಆದ್ರ ಆ ವಾರದಂಥಾ ವಾರ ಮತ್ತ ಬರೋದು ಬ್ಯಾಡಪ್ಪಾ!

ನಾನು, ನನ್ನ ಪೆಟಗಿ, ನಮ್ಮ ಸಿಸ್ಟರ್: ಮೂವರೂ ದಿನಕ್ಕೊಂದು ಊರು ತಿರುಗೋರು. ಕ್ಲಿಪ್ ಕಿತ್ತ ಮ್ಯಾಲ ಹಲ್ಲಿಗೆ ಅಂಟು ಉಳೀತದ. ಅದನ್ನ ಮಷೀನಿನಿಂದ ತಿಕ್ಕಿ ತೆಗೀಬೇಕು, ಹಲ್ಲಿನ ಗಟ್ಟಿ ಪದರಕ್ಕ ಮಾತ್ರ ತಗಲಬಾರದು. ಆ ಪದರ ಹೋದ್ರ ಹೋತು, ಮತ್ತ ಬೆಳೆಯಂಗಿಲ್ಲ. ಆ ಶನಿವಾರ ಚಿಂಚೋಳಿಯಾಗ ಚಿಮ್ಮನಚೋಡದ ಕಾಲೇಜ್ ಹುಡುಗಿದು ಕ್ಲಿಪ್ ತೆಗೆಯೋದಿತ್ತು. ಅಕಿ ಪದರ ಹುಟ್ಟಿನಿಂದ ತೆಳ್ಳಗ. ನನ್ನ ಕೈ ಜರಾ ಜಾರಿದ್ರೂ ಪಾಪ, ಅಕಿ ಜಲ್ಮಪೂರ್ತಿ ತಣ್ಣೀರಿಗೆ ಅಂಜಬೇಕು. ಸೋಮವಾರದಿಂದಲೇ ನನಗ ಅದರದೇ ಧಾಸ್ತಿ.

ಸೇಡಂ, ಚಿತ್ತಾಪುರ

ಸೋಮವಾರ ಸೇಡಂನಾಗ ಕುರಕುಂಟಾದ ಮಾಸ್ತರ್ ಒಬ್ರ ಕ್ಲಿಪ್ ತೆಗೀಲಿಕತ್ತಿದ್ದೆ. ಕ್ಲಿಪ್ ಕೀಳೋ ಪಕ್ಕಡ ಒತ್ತಿದೆ, ಟಕ್ ಅಂತು.

"ಸಾಬ್, ಹಲ್ಲು ಹೋತು!" ಅಂದ್ರು ಮಾಸ್ತರ್. ಕನ್ನಡಿ ಕೊಟ್ಟೆ. ಎರಡು ಸಲ ಎಣಿಸಿದ ಮ್ಯಾಲೇ ಸುಮ್ನಾದ್ರು.

ಅಷ್ಟರಾಗ ಸಿಸ್ಟರ್ ನನ್ನ ಕಿವಿಯಾಗ, "ಸಾಹೇಬ್ರ, ಬಾಗಿಲ ಹತ್ರ ಒಬ್ಬ ವಯಸ್ಸಾದ ಮುತ್ಯಾ ಕುಂತಾನ. ತಲಿಗೆ ಬಿಳಿ ರುಮಾಲು. ಕಣ್ಣು ಮುಚ್ಚ್ಯಾನ. ಒಂದೊಂದು ಟಕ್ಕಿಗೆ ಒಂದೊಂದು ಬೆರಳು ಮಡಚಲಿಕತ್ತಾನ" ಅಂದ್ಲು.

ಹೊರಗ ಹೋಗಿ ನೋಡಿದ್ರ ಬೆಂಚ್ ಖಾಲಿ. ಮರುದಿನ ಚಿತ್ತಾಪುರದಾಗ ನಾನೇ ಕಣ್ಣಾರೆ ನೋಡ್ದೆ. ಅದೇ ರುಮಾಲು, ಅದೇ ಮುಚ್ಚಿದ ಕಣ್ಣು. ಕೈ ತೊಳ್ಕೊಂಡು ಬರೋದ್ರಾಗ ಮಾಯ! ಸಂಜಿಗೆ ಸಿಸ್ಟರ್ ನನ್ನ ಪೆಟಗಿಗೆ ನಿಂಬಿಹಣ್ಣು ಕಟ್ಟಿದ್ಲು. ಓದಿದೋರು ಹಿಂಗ ಮಾಡ್ತಾರೇನು ಅಂತ ಬೈದೆ. ಆದ್ರ ನಾನೂ ಬಿಚ್ಚಲಿಲ್ಲ.

ವಾಡಿ

ಬುಧವಾರ ವಾಡಿಯಾಗ ಮನಿ ಕಟ್ಟೋ ಗೌಂಡಿ ಒಬ್ಬಂದು ಕ್ಲಿಪ್ ತೆಗೆದೆ. ಪದರ ಗಟ್ಟಿ ಇರಲಿ ಅಂತ ಔಷಧ ಬಳಿದು, "ಇದು ಈಗ ಹಚ್ಚಿದ್ದದ, ಜತನ" ಅಂದೆ. ಅಷ್ಟೇ ಅಂದದ್ದು.

ಜರಾ ಹೊತ್ತಿಗೆ ಹೊರಗಿಂದ ಸಿಸ್ಟರ್ ಚೀರಿದ್ಲು. ಬೆಂಚಿನ ಮ್ಯಾಲ ಮುತ್ಯಾ ಕಣ್ಣು ಮುಚ್ಚಿ ಕುಂತಾನ. ಅವನ ಬಾಜೂಕ ಗೌಂಡಿ, ಗಲ್ಲ ಎರಡೂ ಉಬ್ಬ್ಯಾವ, ಕಣ್ಣು ಮಿಟುಕಿಸವಲ್ಲ. ಇಬ್ರೂ ಪಿಟ್ ಅನ್ನವಲ್ರು. ನನ್ನ ಮೈಮ್ಯಾಲ ಮುಳ್ಳೆದ್ದುವು.

ಗೌಂಡಿ ಬೆರಳಿಂದ ನೆಲದ ಧೂಳಿನ್ಯಾಗ ಬರೆದ: "ಕ್ಯೂರಿಂಗ್." ಹೊಸಾ ಸಿಮೆಂಟ್ ಗಿಲಾವು ಗಟ್ಟಿ ಆಗ್ಲಿ ಅಂತ ನೀರು ಹೊಡಿಯೋನು ಬಾಯಿಗೂ ನೀರು ಕಟ್ಟಿ ಕುಂತಿದ್ದ! ನನ್ನ ಔಷಧ ನೀರಾಗ ಹೋತು. ಉಗುಳಪ್ಪಾ ಅಂತ ನಾ ಒದರಲಿಕತ್ರ, ಜೋಡಿ ಬಂದಿದ್ದ ಅವನ ಹೆಂಡ್ತಿ ಕೈ ಮುಗಿದ್ಲು: "ಇರ್ಲಿ ಬಿಡ್ರಿ ಸಾಹೇಬ್ರ, ಲಗ್ನಾದಾಗಿಂದ ಮನ್ಯಾಗ ಇಂಥಾ ಶಾಂತಿ ಇದ್ದಿದ್ದಿಲ್ಲ."

ಈ ಗದ್ದಲದಾಗ ಮುತ್ಯಾ ಮತ್ತ ಹೋಗಿಬಿಟ್ಟಿದ್ದ.

ಶಹಾಬಾದ

ಗುರುವಾರ ನನಗ ಸಿಟ್ಟೇ ಬಂತು. ಬಾಗಿಲಿಗೆ ಅಡ್ಡ ನಿಂತು, "ಏನ್ ಬೇಕ್ರಿ ನಿಮಗ?" ಅಂದೆ.

ಮುತ್ಯಾ ಕಣ್ಣು ತೆಗೆದು ನನ್ನ ಕೈ ಹಿಡದ. ಅವನ ಬೆರಳು ಥಣ್ಣಗ, ನುಣ್ಣಗ, ಒಂದೂ ಗೆರಿ ಇಲ್ಲ.

"ನಡುಗಂಗಿಲ್ಲ, ಚಲೋ ಅದ" ಅಂದ. "ಇಲ್ಲೇ ನೆಲಕ್ಕ ಹಾಸೋ ಪರಸಿ ಕಲ್ಲು ಪಾಲಿಶ್ ಮಾಡ್ತಿದ್ದೆ. ಬೆರಳಿನ ಗೆರಿ ಎಲ್ಲಾ ಕಲ್ಲೇ ತಿಂತು. ಶನಿವಾರ ನೀವು ಹಲ್ಲು ತಿಕ್ಕೋದು ನನ್ನ ಮಗಳ ಮಗಳಿಂದು. ಕಣ್ಣಿಗೆ ಮೋಸ ಆಗ್ತದ, ಅದಕ್ಕ ಕಣ್ಣು ಮುಚ್ಚಿ, ಟಕ್ಕಿಗೊಂದು ಕ್ಲಿಪ್ ಎಣಿಸಿ, ಕಿವಿಯಿಂದ ನಿಮ್ಮ ಮಷೀನ್ ಪರೀಕ್ಷಾ ಮಾಡ್ಲಿಕತ್ತೀನಿ. ಅಂಟು ತಿಕ್ಕೋ ಸಪ್ಪಳ ಬ್ಯಾರೆ, ಕಲ್ಲಿಗೆ ತಗಲಿದ್ರ ಬ್ಯಾರೆ, ಹಲ್ಲೂ ಹಂಗೇ."

"ನೀವು ಮನುಷ್ಯಾರೇ ಹೌದಲ್ರೀ?" ಅಂತ ಸಿಸ್ಟರ್ ಪೆಟಗಿಯ ನಿಂಬಿಹಣ್ಣು ಹಿಡ್ಕೊಂಡು ಕೇಳಿದ್ಲು.

"ಏನೋ ಯವ್ವಾ! ರೇಷನ್ ಅಂಗಡಿ ಮಷೀನ್ ಮ್ಯಾಲ ಹೆಬ್ಬೆಟ್ಟು ಇಟ್ರ, ಇಂಥಾ ಮನುಷ್ಯ ಇಲ್ಲ ಅಂತದ."

ಸಿಸ್ಟರ್ ಅವತ್ತು ಅರ್ಧ ದಿನದ ರಜಾ ತಗೊಂಡ್ಲು.

ಚಿಂಚೋಳಿ

ಶನಿವಾರ ಹುಡುಗಿ ಜೋಡಿ ಬಂದ ಮುತ್ಯಾ ನನ್ನ ಮುಂದ ರುಮಾಲಿನ ಗಂಟು ಬಿಚ್ಚಿದ. ಒಳಗ ಹಲ್ಲು! ಅವನದೇ ಕಟ್ಟಿಸಿದ ಹಲ್ಲಿನ ಸೆಟ್. ಮೊಮ್ಮಗಳ ಬಾಯಿಂದ ಬಿದ್ದ ಒಂದು ಕ್ಲಿಪ್ಪನ್ನ ಕಲ್ಲಿನ ಅಂಟಿನಿಂದ ಅದರ ಮುಂದಿನ ಹಲ್ಲಿಗೆ ಹಚ್ಚಿಕೊಂಡು ಬಂದಿದ್ದ.

"ಮೊದಲ ಇದನ್ನ ತೆಗೀರಿ."

ಬೆವರು ಒರೆಸ್ಕೋತ ತೆಗೆದೆ. ಮುತ್ಯಾ ಸೆಟ್ ಬಾಯಾಗ ಇಟ್ಟು, ಆ ಹಲ್ಲಿನ ಮ್ಯಾಲ ಮತ್ತ ಮತ್ತ ನಾಲಿಗಿ ಆಡಿಸಿದ. ಆಮ್ಯಾಲ, "ಹಂ. ಈಗ ಅಕಿಗೆ ಶುರು ಮಾಡ್ರಿ" ಅಂದ.

ಅಕಿ ಹಲ್ಲಿಗೆ ಕೈ ಹಚ್ಚಿದಾಗ ನಾ ಖರೇನೇ ಉಸಿರು ಬಿಗಿ ಹಿಡಿದಿದ್ದೆ. ಜರಾ ತಿಕ್ಕೋದು, ನಿಲ್ಸೋದು, ನೋಡೋದು. ಮುಗಿದ ಮ್ಯಾಲ ಕಿಡಕಿ ಮುಚ್ಚಿ ನೇರಳೆ ಬೆಳಕಿನ ಬ್ಯಾಟರಿ ಹಚ್ಚಿದೆ. ಅದರ ಬೆಳಕಿಗೆ ಹಲ್ಲು ಮಬ್ಬು ನೀಲಿ ಕಾಣ್ತದ, ಅಂಟು ಉಳಿದಲ್ಲಿ ಮಾತ್ರ ಝಗ್ ಅಂತ ಹೊಳೀತದ. ಕತ್ತಲಾಗ ಅಕಿ ಬಾಯಿ ಒಂದೇ ತೇಲಲಿಕತ್ತಿತ್ತು. ಎಲ್ಲೂ ಒಂದು ಚುಕ್ಕಿ ಇಲ್ಲ. ಪದರ ಇದ್ದಂಗೇ ಅದ. ಹುಡುಗಿ ತಣ್ಣೀರು ಮುಕ್ಕಳಿಸಿ, "ಜುಂ ಅನ್ನವಲ್ದು ಮುತ್ಯಾ!" ಅಂದ್ಲು. ನನಗ ಕಣ್ಣಾಗ ನೀರು ಬಂತು.

ಬ್ಯಾಟರಿ ಹೊಳ್ಳಿಸಿದೆ. ಮೂಲ್ಯಾಗ ಒಂದೇ ಒಂದು ಹಲ್ಲು ಗಾಳ್ಯಾಗ ಝಗಝಗ ಉರೀಲಿಕತ್ತಿತ್ತು! ಸಿಸ್ಟರ್ ಚಪ್ಪಲಿ ಬಿಟ್ಟು ಓಡಿದ್ಲು. ಕಿಡಕಿ ತೆಗೆದ್ರ, ಮುತ್ಯಾ ನಗಲಿಕತ್ತಾನ.

"ಮುತ್ಯಾ, ನಿಮ್ಮ ಹಲ್ಲಿಗೆ ಅಂಟು ಉಳದದ" ಅಂದೆ, ನಾಚಿಕಿ ಆತು.

"ಗೊತ್ತದ. ನಾಲಿಗಿಗೆ ಆವಾಗೇ ಹತ್ತಿತ್ತು."

"ಮತ್ತ ಪಾಸ್ ಯಾಕ ಮಾಡಿದ್ರಿ?"

"ಅಂಟು ಬಿಟ್ರಿ, ಹಲ್ಲು ತಿಕ್ಕಲಿಲ್ಲ. ಅಂಜೋ ಕೈ ಅದು. ನನಗ ಅಂಥಾದ್ದೇ ಬೇಕಾಗಿತ್ತು."

ಖುಷಿಲಿಂದ ಉಬ್ಬಿ, "ಕುಂದ್ರಿ ಹಂಗಾರ, ಎರಡು ನಿಮಿಷದಾಗ ತೆಗೀತೀನಿ" ಅಂದೆ.

ಮುತ್ಯಾ ಎರಡೂ ಕೈಯಿಂದ ಬಾಯಿ ಮುಚ್ಕೊಂಡ.

"ಬ್ಯಾಡ್ರೀ! ಈಗ ನಿಮಗ ಅಂಜಿಕಿ ಹೋಗ್ಯದ."